ಲಸಿಕೆಯ ಫ್ರಿಜ್ಜಿನಲ್ಲಿ ಕೆನೆಬನ್ನು

ಹೆಲ್ಕಾ ತಮ್ಮೇಲಿನ್ ಅವರನ್ನು ಮೊದಲ ದಿನವೇ ಮೆಚ್ಚಿಕೊಂಡೆ ಎಂದು ಬರೆದರೆ ಸುಳ್ಳಾಗುತ್ತದೆ. ಮಗಳು ಪಿಹ್ಲಾ ಹುಟ್ಟಿ ಒಂಬತ್ತು ದಿನವಾಗಿತ್ತು. ನಾನು ತಾಂಪೆರೆ ನಗರದಲ್ಲಿ ಹುಟ್ಟಿ ಓದಿದವಳು. ಗಂಡ ಲಸ್ಸೆಗೆ ಇಲ್ಲಿಯ ವೃತ್ತಿಶಾಲೆಯಲ್ಲಿ ಮರಗೆಲಸ ಕಲಿಸುವ ನೌಕರಿ ಸಿಕ್ಕಿದ್ದರಿಂದ ಸರೋವರದ ದಂಡೆಯ ಈ ಸಣ್ಣ ಊರಿಗೆ ಬಂದು ಅರ್ಧ ವರ್ಷವಾಗಿತ್ತಷ್ಟೆ. ಹೋಗಿ ಮಾತಾಡಿಸೋಣವೆಂದರೆ ಒಬ್ಬರ ಪರಿಚಯವೂ ಇರಲಿಲ್ಲ. ಮಗು ಮಲಗಿದರೆ ಸಾಕು, ಅದರ ಉಸಿರು ಎಣಿಸುತ್ತ ಕೂರುವುದೇ ನನ್ನ ಕೆಲಸವಾಗಿತ್ತು. ತಾಯಿ-ಮಕ್ಕಳ ಕೇಂದ್ರದ ನರ್ಸ್ ಮನೆಗೆ ಬರುತ್ತಾರೆಂದು ಆ ಎಣಿಕೆಯನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೆ.

ಹಾಗೆ ಬಂದ ಹೆಲ್ಕಾ ಅರವತ್ತು ದಾಟಿದ, ಅಗಲ ಭುಜದ ಹೆಂಗಸು. ಒಂದು ಕಾಲಲ್ಲಿ ಒದ್ದು ಓಡಿಸುವ ಹಿಮಬಂಡಿಯನ್ನು ಮೆಟ್ಟಿಲಿಗೆ ಒರಗಿಸಿ, ಬೂಟು ಕಳಚಿ, ಉಣ್ಣೆಯ ಕಾಲುಚೀಲದಲ್ಲೇ ಒಳಗೆ ಬಂದರು. ನಾನು ಹಾಳೆ ಮುಂದೆ ಹಿಡಿದೆ.

"ನಿಮಿಷಕ್ಕೆ ನಲವತ್ತೆರಡು ಬರ್ತಿದೆ. ಒಂದೊಂದ್ಸಲ ನಲವತ್ತಾರು. ಜಾಸ್ತಿ ಅಲ್ವಾ?"

"ನಿಂದೆಷ್ಟು?"

"ನಂದಾ?"

"ನಿಂದೇ ಕಣಮ್ಮ. ನಾನು ಬಂದಾಗಿಂದ ನೀನು ಉಸಿರೇ ಬಿಟ್ಟಿಲ್ಲ."

ನನಗೆ ಸಿಟ್ಟು ಬಂತು. ಎಂಥ ಒರಟು ಹೆಂಗಸು ಎಂದುಕೊಂಡೆ. ಅವರು ಮಗುವನ್ನು ಬಿಚ್ಚಿ, ತೂಗಿ, ಹೊಕ್ಕುಳು ನೋಡಿ, ಎಲ್ಲ ಮುಗಿದ ಮೇಲೆ ನನ್ನ ಹಾಳೆಯನ್ನು ಮೊದಲಿಂದ ಕೊನೆಯವರೆಗೆ ಓದಿದರು. ಒಂದು ಸಾಲನ್ನೂ ಬಿಡಲಿಲ್ಲ.

ಅವರ ಬಗ್ಗೆ ಊರಲ್ಲಿ ಕೇಳಿದ್ದು ಇಷ್ಟು. ಹಾಲಿನ ಹಸು ಸಾಕಿದ ಮನೆಯ ಐದನೆಯ ಮಗಳು. ನರ್ಸಿಂಗ್ ಓದಿ ಮುಗಿಸಿ ಏಳು ವರ್ಷ ವೃದ್ಧರ ವಾರ್ಡಿನಲ್ಲಿದ್ದರು, ಆಮೇಲೆ ಮೂವತ್ತೈದು ವರ್ಷ ಈ ಕೇಂದ್ರದಲ್ಲಿ. ಅವರು ತೂಗಿದ ಮಕ್ಕಳು ಈಗ ತಮ್ಮ ಮಕ್ಕಳನ್ನು ತೂಗಿಸಲು ಬರುತ್ತಾರೆ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಗಂಡ ಬೇರೆ ಹೋದ. ಮಕ್ಕಳಿಲ್ಲವೇ ಎಂದು ಯಾರಾದರೂ ಕೇಳಿದರೆ, "ಇಲ್ಲ. ಕಾಫಿ ಇದೆಯಾ?" ಎನ್ನುತ್ತಿದ್ದರಂತೆ. ಜೂನ್ ತಿಂಗಳಲ್ಲಿ ನಿವೃತ್ತಿಯಾಗಬೇಕಿತ್ತು.

ಜನವರಿಯಲ್ಲಿ ನಡೆದದ್ದನ್ನು ಬರೆಯಲು ನನಗೆ ಈಗಲೂ ನಾಚಿಕೆ. ಒಂದು ಮಧ್ಯಾಹ್ನ ಪಿಹ್ಲಾ ಮೂರು ಗಂಟೆ ಬಿಡದೆ ಅತ್ತಳು. ಎತ್ತಿಕೊಂಡಿದ್ದ ನನ್ನ ಕೈ ಬಿಗಿಯುತ್ತ ಬಂತು. ನನ್ನ ಕೈಯ ಮೇಲೇ ನನಗೆ ಹೆದರಿಕೆಯಾಯಿತು. ಅವಳನ್ನು ಕಂಬಳಿಯಲ್ಲಿ ಸುತ್ತಿ, ಅಂಗಳದ ತಳ್ಳುಗಾಡಿಯಲ್ಲಿ ಮಲಗಿಸಿ, ಬಾಗಿಲು ಹಾಕಿಕೊಂಡು, ನೀರಿನ ಸದ್ದಿಗೆ ಅಳು ಕೇಳದಿರಲೆಂದು ಬಚ್ಚಲಲ್ಲಿ ನಲ್ಲಿ ಬಿಟ್ಟು ಇಪ್ಪತ್ತು ನಿಮಿಷ ಕೂತೆ. ನಮ್ಮ ಕಡೆ ಎಲ್ಲರ ಮಕ್ಕಳೂ ಚಳಿಯಲ್ಲಿ ಹೊರಗೇ ಮಲಗುತ್ತವೆ, ಅದೇನೂ ತಪ್ಪಲ್ಲ. ಆದರೆ ನಾನು ಮಲಗಿಸಿದ್ದು ನಿದ್ದೆಗಲ್ಲ, ನನ್ನಿಂದ ದೂರವಿಡಲು.

ಮುಂದಿನ ತಪಾಸಣೆಯಲ್ಲಿ ಹೆಲ್ಕಾ ಎಲ್ಲ ತಾಯಂದಿರನ್ನೂ ಕೇಳುವಂತೆ ನನ್ನನ್ನೂ ಕೇಳಿದರು. ನಿದ್ದೆ ಹೇಗೆ, ಕುಡಿತ ಇದೆಯಾ, ಮನೆಯಲ್ಲಿ ಯಾರಾದರೂ ಕೈ ಮಾಡುತ್ತಾರಾ, ಮಗುವಿನ ಮೇಲೆ ಸಿಟ್ಟು ಬರುತ್ತದಾ. ಕೊನೆಯ ಪ್ರಶ್ನೆಗೆ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಹೇಳಿದವಳೇ ಅವರ ತೋಳು ಹಿಡಿದೆ.

"ಇದನ್ನ ಬರೀಬೇಡಿ. ದಯವಿಟ್ಟು. ಲಸ್ಸೆಗೂ ಗೊತ್ತಿಲ್ಲ."

"ಬರೀತೀನಿ, ನೋರಾ. ಬರೀದೇ ಇದ್ರೆ ನಿನಗೆ ಸಹಾಯ ಎಲ್ಲಿಂದ ತರಲಿ? ನೀನು ಪಕ್ಕದಲ್ಲೇ ಕೂತ್ಕೋ. ಒಂದು ಪದ ಸುಳ್ಳು ಅನಿಸಿದ್ರೆ ಹೇಳು, ತೆಗೀತೀನಿ. ನಿಜ ಇದ್ರೆ ಮಾತ್ರ ತೆಗಿಯಲ್ಲ."

ಬರೆದರು. ನಾನು ಅಳುತ್ತಲೇ ಓದಿದೆ. "ತಾಯಿ ತನ್ನ ಕೈಗೆ ಹೆದರಿ ಮಗುವನ್ನು ಸುರಕ್ಷಿತ ಜಾಗದಲ್ಲಿಟ್ಟಳು" ಎಂದಿತ್ತು. ತೆಗೆಸಲು ಒಂದು ಪದವೂ ಸಿಗಲಿಲ್ಲ. ಮುಂದಿನ ವಾರದಿಂದ ವಾರಕ್ಕೆರಡು ದಿನ ಮನೆಗೆ ನೆರವಿನವಳು ಬಂದಳು, ನಾನು ಮಲಗಿದೆ. ಆದರೂ ಆ ಸಾಲು ಎಲ್ಲೋ ಒಂದು ಕಡತದಲ್ಲಿ ಉಳಿದಿದೆಯಲ್ಲ ಎಂಬ ಮುಳ್ಳು ಮನಸ್ಸಿನಲ್ಲಿತ್ತು.

ಫೆಬ್ರವರಿಯಲ್ಲಿ ಕೆನೆಬನ್ನಿನ ಮಂಗಳವಾರದ ಹಬ್ಬ ಬಂತು. ಆ ದಿನ ಮಕ್ಕಳು ಗುಡ್ಡದಿಂದ ಜಾರುತ್ತಾರೆ, ದೊಡ್ಡವರು ಕಚೇರಿ ಕಚೇರಿಯಲ್ಲಿ ಬನ್ನು ಸೀಳಿ ಕೆನೆ ತುಂಬಿ ತಿನ್ನುತ್ತಾರೆ, ಕೆನೆಯ ಕೆಳಗೆ ಹಣ್ಣಿನ ಜಾಮೋ ಬಾದಾಮಿಯೋ ಎಂದು ಜಗಳಾಡುತ್ತಾರೆ. ಹೆಲ್ಕಾ ಜಾಮಿನ ಕಡೆಯವರು. ಬಾದಾಮಿ ತಿನ್ನುವವರನ್ನು "ಪೇಟೆ ನಾಲಿಗೆಯವರು" ಎಂದು ಹಂಗಿಸುತ್ತಿದ್ದರು. ಆ ಬೆಳಿಗ್ಗೆ ಅವರು ಮನೆಯಲ್ಲೇ ಮಾಡಿದ ಹದಿನಾರು ಬನ್ನು ಕೇಂದ್ರಕ್ಕೆ ತಂದರು. ಊಟದ ಕೋಣೆಯ ಫ್ರಿಜ್ಜನ್ನು ಹಲ್ಲಿನ ವಿಭಾಗದವರು ತಮ್ಮ ಬಾದಾಮಿ ಬನ್ನಿನಿಂದ ಆಗಲೇ ತುಂಬಿಸಿದ್ದರು. ಕೆನೆ ಕರಗಿಬಿಡುತ್ತದೆ, ಕಾಫಿಗೆ ಇನ್ನು ಒಂದೇ ಗಂಟೆ. ಹೆಲ್ಕಾ ಲಸಿಕೆಯ ಫ್ರಿಜ್ಜು ತೆಗೆದು, ಡಬ್ಬಿಗಳನ್ನು ಹಿಂದಕ್ಕೆ ತಳ್ಳಿ, ತಟ್ಟೆ ಒಳಗಿಟ್ಟರು.

ಆ ಫ್ರಿಜ್ಜಿನಲ್ಲಿ ತಿನ್ನುವ ಪದಾರ್ಥ ಇಡಬಾರದೆಂಬ ಚೀಟಿ ಅದರ ಬಾಗಿಲ ಮೇಲೇ ಇತ್ತು. ಅದನ್ನು ಬರೆದು ಅಂಟಿಸಿದವರೂ ಅವರೇ.

ಗಂಟೆಯ ನಂತರ ತಟ್ಟೆ ಹೊರಗೆ ಬಂತು. ಡಬ್ಬಿಗಳು ಮಾತ್ರ ಹಿಂದಿನ ಗೋಡೆಗೆ ಅಂಟಿಕೊಂಡೇ ಉಳಿದವು. ಆ ಗೋಡೆ ಎಲ್ಲಕ್ಕಿಂತ ತಣ್ಣಗಿನ ಜಾಗ. ಉಷ್ಣತೆ ಅಳೆಯುವ ಕಡ್ಡಿ ನಡುವಿನ ಹಲಗೆಯ ಮೇಲಿತ್ತು, ದಿನಕ್ಕೆರಡು ಸಲ ಐದು ಡಿಗ್ರಿ ಎಂದೇ ತೋರಿಸಿತು. ಗುರುವಾರ ಬೆಳಿಗ್ಗೆ ಪಿಹ್ಲಾಗೆ ಮೂರು ತಿಂಗಳ ಲಸಿಕೆ, ಐದು ರೋಗಗಳಿಗೆ ಒಂದೇ ಚುಚ್ಚು. ಅವಳು ಕಿರುಚಿದಳು. ಸಂಜೆಗೆ ಜ್ವರ ಬಂತು. ನಾನು ಮತ್ತೆ ಉಸಿರು ಎಣಿಸತೊಡಗಿದೆ.

ಶುಕ್ರವಾರ ನಾಲ್ಕು ಗಂಟೆಗೆ ಹೆಲ್ಕಾ ಬಾಗಿಲು ತಟ್ಟಿದರು. ಹೇಳದೆ ಕೇಳದೆ ಬರುವವರಲ್ಲ. ನಾನು ಅಭ್ಯಾಸದಂತೆ ಕಾಫಿ ಪಾತ್ರೆಗೆ ಕೈ ಹಾಕಿದೆ.

"ಕಾಫಿ ಆಮೇಲೆ. ಮೊದಲು ಕೇಳು. ಕೇಳಿದ ಮೇಲೂ ಕೊಡಬೇಕು ಅನಿಸಿದ್ರೆ ಕೊಡು."

ನಿಂತೇ ಹೇಳಿದರು. ಮಧ್ಯಾಹ್ನ ಹೊಸ ಡಬ್ಬಿ ತೆಗೆದಾಗ ಅದರ ಬೆನ್ನಿಗೆ ಹಿಮದ ಹರಳು ಕಂಡಿತು, ಸೀಸೆ ಅಲ್ಲಾಡಿಸಿದರೆ ಒಳಗೆ ಒಡೆದ ಹಾಲಿನಂಥ ಚೂರು. ಹೆಪ್ಪುಗಟ್ಟಿದ ಲಸಿಕೆ ಮಗುವಿಗೆ ವಿಷವಾಗುವುದಿಲ್ಲ, ಆದರೆ ಕೆಲಸ ಮಾಡದೆ ಹೋಗಬಹುದು. ಮಂಗಳವಾರದಿಂದ ಒಂಬತ್ತು ಮಕ್ಕಳಿಗೆ ಆ ಜಾಗದ ಡಬ್ಬಿಯಿಂದಲೇ ಕೊಟ್ಟದ್ದು. ಯಾವ ಸೀಸೆ ಕೆಟ್ಟಿತ್ತು, ಯಾವುದು ಕೆಟ್ಟಿರಲಿಲ್ಲ ಎಂದು ಈಗ ಹೇಳಲಾಗುವುದಿಲ್ಲ. ವೈದ್ಯರು ಮೇಲಿನವರನ್ನು ಕೇಳುತ್ತಿದ್ದಾರೆ, ಬಹುಶಃ ಒಂಬತ್ತು ಮಕ್ಕಳಿಗೂ ಮತ್ತೆ ಚುಚ್ಚಬೇಕು.

"ಹೇಗೆ ಹೆಪ್ಪುಗಟ್ಟಿತು?"

"ನಾನು ಬನ್ನಿಟ್ಟೆ."

"ಏನಿಟ್ಟಿರಿ?"

"ಕೆನೆಬನ್ನು. ಡಬ್ಬಿ ಹಿಂದಕ್ಕೆ ತಳ್ಳಿದೆ. ವಾಪಸ್ ಮುಂದಕ್ಕೆ ಎಳೀಲಿಲ್ಲ."

ನಾನು ಏನೇನು ಅಂದೆನೋ ಎಲ್ಲ ನೆನಪಿಲ್ಲ. ಮಗುವಿನ ಜ್ವರದ ಬಗ್ಗೆ ಕೂಗಿದ್ದು ನೆನಪಿದೆ. "ನಂದು ಬರೆದಿಟ್ಟುಕೊಂಡಿರಲ್ಲ, ಈಗ ನಿಮ್ಮದನ್ನ ಎಲ್ಲಿ ಬರೀತೀರಿ?" ಎಂದು ಕೇಳಿದ್ದೂ ನೆನಪಿದೆ. ಅವರು ಒಂದು ಮಾತಿಗೂ ಅಡ್ಡ ಬರಲಿಲ್ಲ. ನಾನು ಸುಮ್ಮನಾದ ಮೇಲೆ ಜ್ವರ ಎಷ್ಟಿತ್ತೆಂದು ಕೇಳಿ, ಪಿಹ್ಲಾಳ ತೊಡೆ ನೋಡಿ, ಜ್ವರಕ್ಕೂ ಹೆಪ್ಪಿಗೂ ಸಂಬಂಧ ಇರಲಿಕ್ಕಿಲ್ಲ, ಆದರೂ ವೈದ್ಯರಿಗೆ ತಿಳಿಸುತ್ತೇನೆ ಎಂದರು. ನಾನು ಕಾಫಿ ಕೊಡಲಿಲ್ಲ. ಅವರಿಗೆ ಇನ್ನೂ ಐದು ಮನೆ ಬಾಕಿಯಿತ್ತು.

"ಫೋನಲ್ಲಿ ಹೇಳಬಹುದಿತ್ತಲ್ಲ," ಎಂದ ಲಸ್ಸೆ, ಅವರು ಹೋದ ಮೇಲೆ.

"ಹೇಳಬಹುದಿತ್ತು," ಎಂದೆ. ಆಗ ನನಗೆ ಅದು ಕೂಡ ಅವರ ತಪ್ಪೆಂದೇ ಕಂಡಿತು.

ಊರಿನ ತಾಯಂದಿರ ಫೋನ್ ಗುಂಪಿನಲ್ಲಿ ಎರಡು ದಿನ ಬೇರೆ ಮಾತಿಲ್ಲ. ಒಬ್ಬಳು ಬನ್ನಿನ ಚಿತ್ರ ಹಾಕಿ "ಇದಕ್ಕೂ ಜ್ವರ ಬರುತ್ತಾ?" ಎಂದು ಬರೆದಳು. ಇನ್ನೊಬ್ಬಳು ಇನ್ನು ಮುಂದೆ ಯಾವ ಲಸಿಕೆಯೂ ಬೇಡ ಎಂದಳು. ನಾನು ಅವಳ ಮಾತಿಗೆ ತಲೆದೂಗಿದೆ. ಪಿಹ್ಲಾಗೆ ಇನ್ನು ಸೂಜಿ ಬೇಡ ಎಂದು ಲಸ್ಸೆಗೂ ಹೇಳಿದೆ.

"ನಾಯಿಕೆಮ್ಮು ಬಂದ್ರೆ ಯಾರನ್ನ ಬಯ್ತೀಯ ಆಗ?"

"ನಿನ್ನನ್ನೇ."

"ನನ್ನನ್ನ ಬಯ್ಯೋಕೆ ನಾಯಿಕೆಮ್ಮು ಬೇರೆ ಬರಬೇಕಾ?"

ನಗು ಬರಲಿಲ್ಲ. ಸೋಮವಾರ ಮಗುವನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ಕೇಂದ್ರಕ್ಕೆ ಹೋದೆ. ಇಂಥ ತಪ್ಪಾದಾಗ ಬರೆಯಬೇಕಾದ ವರದಿಯಲ್ಲಿ ಹೆಲ್ಕಾ ಏನು ಬರೆದಿದ್ದಾರೆ, ನನಗೆ ನೋಡಬೇಕಿತ್ತು. ಸುಳ್ಳು ಬರೆದಿದ್ದರೆ ಅಲ್ಲಿಗೆ ಮುಗಿಯಿತು. ಆ ಕಟ್ಟಡಕ್ಕೆ ಮತ್ತೆ ಕಾಲಿಡುವುದಿಲ್ಲ ಎಂದು ನಿಶ್ಚಯಿಸಿದ್ದೆ.

ಮುಖ್ಯ ನರ್ಸ್ ಔತಿಯ ಕೋಣೆಯ ಬಾಗಿಲು ಅರೆ ತೆರೆದಿತ್ತು. ಒಳಗೆ ಹೆಲ್ಕಾ ಇದ್ದರು. ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಅವರ ಮಾತು ಕೇಳದಿರಲು ನಾನೇನೂ ಪ್ರಯತ್ನಪಡಲಿಲ್ಲ.

"'ಫ್ರಿಜ್ಜಿನ ಉಷ್ಣತೆಯಲ್ಲಿ ಏರುಪೇರು' ಅಂತ ಬರೆದ್ರೆ ಸಾಕು ಕಣೇ ಹೆಲ್ಕಾ," ಔತಿ ಹೇಳುತ್ತಿದ್ದರು. "ಅದು ಸುಳ್ಳೇನೂ ಅಲ್ಲವಲ್ಲ."

"ಫ್ರಿಜ್ಜು ಏನು ಮಾಡಿದೆ, ಪಾಪ. ಅದರ ಪಾಡಿಗೆ ಅದು ತಣ್ಣಗಿತ್ತು."

"ನಿನ್ನ ನಿವೃತ್ತಿಗೆ ಇನ್ನು ನಾಲ್ಕು ತಿಂಗಳು. ಮೂವತ್ತೈದು ವರ್ಷ ದುಡಿದು ಕೊನೆಗೆ ಉಳಿಯೋದು ಒಂದು ತಟ್ಟೆ ಬನ್ನಾ? ಊರೆಲ್ಲ ನಗ್ತಾ ಇದೆ."

"ನಗಲಿ. ಫ್ರಿಜ್ಜು ಅಂತ ಬರೆದ್ರೆ ನೀನು ಹೊಸ ಫ್ರಿಜ್ಜು ತರಿಸ್ತೀಯ. ಮುಂದಿನ ವರ್ಷ ಯಾರೋ ಅದರೊಳಗೂ ಬನ್ನಿಡ್ತಾರೆ. ಬನ್ನು ಅಂತ ಬರೆದ್ರೆ ಯಾರೂ ಇಡಲ್ಲ."

"ಮೇಲಿನವರು ನಿನ್ನ ಮೇಲೆ ವಿಚಾರಣೆ ಇಡಬಹುದು. ಗೊತ್ತಲ್ಲ?"

"ಗೊತ್ತು." ಆಮೇಲೆ ಅವರ ದನಿ ಸಣ್ಣಗಾಯಿತು. "ನಂಗೇನು ಹೆದರಿಕೆ ಇಲ್ಲ ಅನ್ಕೊಂಡ್ಯಾ? ಮೂರು ದಿನದಿಂದ ಅನ್ನ ಇಳೀತಿಲ್ಲ. ಆದ್ರೆ ಔತಿ, ನಾನು ಆ ಕುರ್ಚಿಲಿ ಕೂತ ಪ್ರತಿ ಹುಡುಗಿಗೂ ಎಲ್ಲಾ ಹೇಳು ಅಂತೀನಿ. ಎಷ್ಟು ಕುಡೀತೀಯ ಹೇಳು. ಮಗೂನ ಬೀಳಿಸಿದ್ಯಾ ಹೇಳು. ಅವರು ಹೇಳ್ತಾರೆ, ನಾನು ಬರೀತೀನಿ. ಈಗ ನನ್ನ ಸರದಿ ಬಂದಾಗ ಫ್ರಿಜ್ಜು ಅನ್ನಲಾ?"

ಕೀಲಿಮಣೆ ಒತ್ತುವ ಸದ್ದು ಕೇಳಿಸಿತು. ನಾನು ಎದ್ದು, ತಳ್ಳುಗಾಡಿ ತಿರುಗಿಸಿಕೊಂಡು ಮನೆಗೆ ಬಂದೆ.

ಎರಡು ದಿನ ಬಿಟ್ಟು, ಕಂಪ್ಯೂಟರಿನಲ್ಲಿ ತೆರೆದು ನೋಡಬಹುದಾದ ಪಿಹ್ಲಾಳ ಕಡತದಲ್ಲಿ ಆ ವರದಿ ಕಂಡಿತು. "ನರ್ಸ್ ಹೆಲ್ಕಾ ತಮ್ಮೇಲಿನ್ ನಿಯಮ ಮೀರಿ ತಿಂಡಿಯ ತಟ್ಟೆಯನ್ನು ಲಸಿಕೆಯ ಫ್ರಿಜ್ಜಿನಲ್ಲಿಟ್ಟರು" ಎಂದೇ ಮೊದಲ ಸಾಲು. ತಪ್ಪು ಹುಡುಕುವ ಕಣ್ಣಿಂದ ಮೂರು ಸಲ ಓದಿದೆ. ಕೆಳಗೆ ನನ್ನ ಜನವರಿಯ ಸಾಲೂ ಹಾಗೇ ಇತ್ತು. ಆ ದಿನ ಮೊದಲ ಬಾರಿಗೆ ಅದನ್ನು ಲಸ್ಸೆಗೆ ತೋರಿಸಿದೆ. ಅವನು ಓದಿ, ಹೋಗಿ ಪಿಹ್ಲಾಳನ್ನು ಎತ್ತಿಕೊಂಡ, ಬಂದು ನನ್ನ ಪಕ್ಕ ಕೂತ.

ಮರುದಿನ ಪತ್ರ ಬಂತು. ಒಂಬತ್ತು ಮಕ್ಕಳಿಗೂ ಮತ್ತೆ ಲಸಿಕೆ ಕೊಡಬೇಕು. ಪಕ್ಕದ ಊರಿಂದ ಬೇರೆ ನರ್ಸ್ ಬರುತ್ತಾರೆ. ಹೆಲ್ಕಾ ಅವರೇ ಕೊಡಬೇಕೆಂದರೆ ಅದೂ ಆಗಬಹುದು. ವಿಚಾರಣೆ ಮುಗಿಯುವವರೆಗೆ ಔತಿ ಜೊತೆಗಿರುತ್ತಾರೆ. ಯಾರು ಬೇಕೆಂದು ತಿಳಿಸಿ. ಅಂದರೆ ಹೆಲ್ಕಾ ಬೇಡ ಎನ್ನುವ ದಾರಿಯೂ ನನಗೆ ತೆರೆದಿತ್ತು. ಒಂದು ದಿನವಿಡೀ ಯೋಚಿಸಿ ಹೆಲ್ಕಾ ಎಂದು ಬರೆದೆ. ಕ್ಷಮಿಸಿದೆ ಎಂದೆಲ್ಲ ಹೇಳಲಾರೆ.

ಲಸಿಕೆಯ ದಿನ ಬೆಳಿಗ್ಗೆ ಒಳಗೆ ಹೋದಾಗ ಔತಿ ಕಿಟಕಿಯ ಬಳಿ ನಿಂತಿದ್ದರು. ಹೆಲ್ಕಾ ಸಣ್ಣಗಾಗಿದ್ದರು. ಉಷ್ಣತೆಯ ಪಟ್ಟಿ ನೋಡಬೇಕು ಎಂದೆ. ಕೊಟ್ಟರು. ಫ್ರಿಜ್ಜು ತೆಗೆಯಿರಿ ಎಂದೆ. ತೆಗೆದರು. ಡಬ್ಬಿಗಳೆಲ್ಲ ಮುಂದಿದ್ದವು, ಹಿಂದಿನ ಗೋಡೆಯಿಂದ ಒಂದು ಗೇಣು ದೂರ. ಸೀಸೆ ಕೇಳಿದೆ. ಅಂಗೈ ಮೇಲಿಟ್ಟರು. ಅಲ್ಲಾಡಿಸಿ ಬೆಳಕಿಗೆ ಹಿಡಿದೆ. ಒಂದೇ ಸಮನಾದ ಮಂಜು ಬಣ್ಣ, ಒಂದು ಚೂರೂ ಇಲ್ಲ. ಪಿಹ್ಲಾ ಅಳಲು ಶುರು ಮಾಡಿದ್ದಳು. ಔತಿ ಗಡಿಯಾರ ನೋಡಿದರು.

"ಅವಸರ ಇಲ್ಲ," ಎಂದರು ಹೆಲ್ಕಾ. "ಇನ್ನೊಂದ್ಸಲ ನೋಡು."

ಇನ್ನೊಂದು ಸಲ ನೋಡಿದೆ. ಆಮೇಲೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳ ಕಾಲು ಹಿಡಿದೆ. ಹೆಲ್ಕಾ ಚುಚ್ಚಿ, ಒತ್ತಿ, ಹತ್ತಿ ಹಿಡಿದು, ಸೀಸೆಯ ಸಂಖ್ಯೆಯನ್ನು ಗಟ್ಟಿಯಾಗಿ ಓದಿ ಬರೆದರು. ನಾನು ಸೀಸೆ ನೋಡಿ ಸರಿಯಿದೆ ಎಂದೆ.

ಹೊರಗಿನ ಬೆಂಚಿನ ಮೇಲೆ ಅಂತಿ ಎಂಬ ಒಬ್ಬ ತಂದೆ ತನ್ನ ಮಗನೊಂದಿಗೆ ಕೂತಿದ್ದ. ಆ ಒಂಬತ್ತು ಮಕ್ಕಳಲ್ಲಿ ಅವನದೂ ಒಂದು. ನನ್ನನ್ನು ಕಳಿಸಲು ಬಾಗಿಲಿಗೆ ಬಂದ ಹೆಲ್ಕಾ, "ನಮಸ್ಕಾರ, ಅಂತಿ," ಎಂದರು. ಅವನನ್ನೂ ಎಳೆಗೂಸಾಗಿದ್ದಾಗ ತೂಗಿದವರು ಅವರೇ. ಅವನು ನೆಲ ನೋಡುತ್ತ, "ನಾವು ಆ ಕಡೆ ಕೋಣೆಗೆ," ಎಂದ.

"ಗೊತ್ತು. ಪಕ್ಕದೂರಿನ ನರ್ಸ್ ಕಾಯ್ತಿದಾರೆ, ಹೋಗು," ಎಂದು ಹೆಲ್ಕಾ ತಾವೇ ಮುಂದೆ ಹೋಗಿ, ಮಗುವಿನ ಬುಟ್ಟಿ ಹೊತ್ತಿದ್ದ ಅವನಿಗೆ ಆ ಕೋಣೆಯ ಬಾಗಿಲು ತೆರೆದು ಹಿಡಿದರು. ಅವನು ಒಳಗೆ ಹೋಗುವ ತನಕ ಹಿಡಿದೇ ಇದ್ದರು.