ಕೊಟ್ಟಿಗೆಯ ಗೋಡೆಬುಡದ ಕಟ್ಟಿರುವೆಗಳು

ಆಗ ನನಗೆ ಅರವತ್ತೆರಡು. ಐದು ವರ್ಷದ ಹಿಂದಿನ ಮಾತು. ಬೆಳಗ್ಗೆ ಹಾಲು ಕರೆದು ಏಳುವಾಗ ಗಂಜಲದಲ್ಲಿ ಕಾಲು ಜಾರಿ ಬಿದ್ದೆ. ಸೀರೆ, ಕೂದಲು, ಬಾಯಿ, ಎಲ್ಲಕ್ಕೂ ಸಗಣಿ. ಬಲಗೈ ಮಣಿಕಟ್ಟು ಮುರಿದಿತ್ತು. ಮಧ್ಯಾಹ್ನಕ್ಕೆ ಕೆ.ಆರ್. ಪೇಟೆಗೆ ಹೋಗಿ ಪ್ಲಾಸ್ಟರು ಹಾಕಿಸಿಕೊಂಡು ಬಂದೆ.

ಕೈಗಿಂತ ಹಸುವಿನದೇ ಚಿಂತೆ. ಸಂಜೆಗೆ ಅದನ್ನು ಕರೆಯುವವರು ಯಾರು? ಅದು ನನ್ನ ಕೈಗಲ್ಲದೆ ಬೇರೆಯವರ ಕೈಗೆ ಹಾಲು ಇಳಿಸಿದ್ದಿಲ್ಲ. ಹಾಲು ಕೆಚ್ಚಲಲ್ಲೇ ನಿಂತರೆ ಬಾವು ಬರುತ್ತದೆ. ಹಿಂದಿನ ವರ್ಷ ಪಕ್ಕದ ಮನೆಯ ಹಸುವಿಗೆ ಹಾಗೇ ಆಗಿ, ಕೀವು ಸುರಿದು, ಎರಡು ತೊಟ್ಟು ಕೆಟ್ಟೇ ಹೋದವು. ಆ ನಾತ ಇನ್ನೂ ನನ್ನ ಮೂಗಿನಲ್ಲಿದೆ.

ನಮ್ಮ ಮನೆ ಗಂಡಸರು ಕ್ಯಾನು ಹಿಡಿದು ಡೇರಿಗೆ ಹೋಗುತ್ತಾರೆ, ಕೆಚ್ಚಲ ಕೆಳಗೆ ಕೂರುವುದಿಲ್ಲ. ಉಳಿದವಳು ಸೊಸೆ. ಕಿರಂಗೂರಿನ ಹುಡುಗಿ, ಕಬ್ಬು ಬೆಳೆಯುವ ಮನೆಯವಳು, ಅವರ ಮನೆಯಲ್ಲಿ ಹಸು ಕಟ್ಟಿದ್ದಿಲ್ಲ. ಮೈದುನ ಒಂದು ಉಪಾಯ ಹೇಳಿದ. ಇದು ನಮ್ಮ ಕಡೆ ಎಲ್ಲರೂ ಮಾಡುವ ಉಪಾಯವೇ.

"ಅತ್ಗೆ, ನಿಮ್ ಸೀರೆನೇ ಅವ್ಳಿಗೆ ಉಡ್ಸಿ. ನೀವು ಅದ್ರ ಕಣ್ಗೆ ಬೀಳ್ಬ್ಯಾಡಿ. ವಾಸ್ನೆ ಇಡ್ದು ಹಾಲು ಬುಡ್ತದೆ."

ಬೆಳಗ್ಗೆ ಬಿದ್ದಾಗ ನಾನು ಉಟ್ಟಿದ್ದ ಸೀರೆಯನ್ನೇ, ಒಗೆಯದೆ, ಸೊಸೆಗೆ ಉಡಿಸಿದರು. ಅವಳು ಮೂಗು ಮುಚ್ಚಿಕೊಂಡು ಒಳಗೆ ಹೋದಳು. ನನ್ನನ್ನು ಗೋಡೆಯ ಹಿಂದೆ ಕೂರಿಸಿದರು. ಮೈದುನ ಬಾಗಿಲಲ್ಲಿ ನಿಂತು, ಎಲೆಅಡಿಕೆ ಜಗಿಯುತ್ತ ಪಾಠ ಶುರು ಮಾಡಿದ.

"ಇಡ್ಕೊ! ಅಂಗಲ್ಲ, ಎಳಿ! ಅಯ್ಯೋ, ಅಂಗಲ್ಲ ಕಣಮ್ಮಿ, ಬೇಗ ಬೇಗ!"

ಅವನು ಜನ್ಮದಲ್ಲಿ ಒಂದು ತೊಟ್ಟು ಮುಟ್ಟಿದವನಲ್ಲ. ಹಸು ಒದೆಯಿತು. ಬಕೀಟು ಒಂದು ಕಡೆ, ಸೊಸೆ ಒಂದು ಕಡೆ. ಕರು ಬಿಟ್ಟೆವು. ಗುಬ್ಬಿಯಂಥ ಕರು, ಎಷ್ಟು ಕುಡಿದೀತು?

"ಇದ್ನ ಸಂತೆಬಾಚಹಳ್ಳಿ ಸಂತೆಗೆ ಒಡ್ದು ತಳ್ಬುಡೋದೆ ವಾಸಿ," ಅಂದು ಪಿಚಕ್ಕನೆ ಗೋಡೆಗೆ ಉಗಿದ.

"ಮೊದ್ಲು ನಿನ್ನ ತಳ್ತೀನಿ ಕಣ್ಲಾ. ಆ ಉಗುಳು ತೊಳಿ."

ಅವನೆಲ್ಲಿ ತೊಳೆದಾನು? ಸೊಸೆಯೇ ಕೊಟ್ಟಿಗೆಗೆಲ್ಲ ನೀರು ಹೊಡೆದಳು. ಆ ಕೊಳಕು ನೀರು ಹರಿದು ನಾನು ಕೂತ ಕಡೆಗೆ ಬಂದು, ಗೋಡೆಬುಡದ ಒಂದು ತೂತಿಗೆ ನುಗ್ಗಿತು. ಒಳಗಿನಿಂದ ಕಟ್ಟಿರುವೆ ಎದ್ದವು. ಕಪ್ಪಗೆ, ಉದ್ದಕ್ಕೆ, ಕಚ್ಚಿದರೆ ಉರಿಯುವಂಥವು. ತೂತಿನ ಬಾಯಲ್ಲಿ ಜಿರಲೆ ಕಾಲು, ಹುಳುವಿನ ಚಿಪ್ಪು, ಕೋಳಿ ಪುಕ್ಕ ಗುಡ್ಡೆಯಾಗಿ ಬಿದ್ದಿತ್ತು. ತುಳಿಯೋಣವೆಂದು ಕಾಲೆತ್ತಿದೆ. ಕೈ ನೋವಿಗೆ ಏಳಲಾಗಲಿಲ್ಲ, ಹಾಗೇ ನೋಡುತ್ತ ಕೂತೆ.

ಅವು ಸಾಲು ಕಟ್ಟಲಿಲ್ಲ. ಎರಡೆರಡೇ ಹೋಗುತ್ತಿದ್ದವು. ಮುಂದೆ ಒಂದು, ಅದರ ಹಿಂಭಾಗಕ್ಕೆ ಮೀಸೆ ತಾಗಿಸಿಕೊಂಡು ಹಿಂದೆ ಒಂದು. ಬೀದಿನಾಯಿ ಮೂಸಿದ ಹಾಗೆ, ಥೂ. ಪೊರಕೆ ಕಡ್ಡಿಯನ್ನು ಎರಡರ ನಡುವೆ ಅಡ್ಡ ಇಟ್ಟೆ. ಹಿಂದಿನದು ದಿಕ್ಕು ತಪ್ಪಿ ಸುತ್ತಾಡಿತು. ಮುಂದಿನದು ಓಡಿಹೋಗಲಿಲ್ಲ, ನಿಂತಲ್ಲೇ ನಿಂತಿತು. ಹಿಂದಿನದು ಬಂದು ಮತ್ತೆ ಮೀಸೆ ತಾಗಿಸಿದ ಮೇಲೇ ಹೆಜ್ಜೆ ಕಿತ್ತಿತು. ಹಾಗೇ ಕಲ್ಲುಚಪ್ಪಡಿಯ ಕೆಳಗಿನ ಹೊಸ ಗೂಡಿನವರೆಗೂ ಕರೆದುಕೊಂಡು ಹೋಯಿತು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಒಂದು ವಾಪಸು ಬಂದು ಇನ್ನೊಂದನ್ನು ಹಿಂದೆ ಹಾಕಿಕೊಂಡು ಹೋಯಿತು. ದಾರಿ ಕಲಿತದ್ದೇ ಬಂತೋ, ಬೇರೆಯದೋ, ನನಗೆ ತಿಳಿಯಲಿಲ್ಲ.

ಹೆಣ ತಿನ್ನುವ ಹುಳಕ್ಕೂ ಗೊತ್ತು, ದಾರಿ ಬಲ್ಲವರು ಮುಂದೆ ನಡೆಯಬೇಕು ಅಂತ. ನಾವು ಬಲ್ಲವಳನ್ನು ಗೋಡೆ ಹಿಂದೆ ಕೂರಿಸಿ, ಅರಿಯದ ಹುಡುಗಿಯನ್ನು ನಾರುವ ಸೀರೆಯಲ್ಲಿ ಸುತ್ತಿ ಒಳಗೆ ನೂಕಿದ್ದೆವು. ನಮ್ಮ ಮೇಲೇ ಅಸಹ್ಯವಾಯಿತು.

ಮಾರನೆಯ ಬೆಳಗ್ಗೆ ಮೈದುನನನ್ನು ಹಟ್ಟಿಯಿಂದಾಚೆಗೆ ಕಳಿಸಿದೆ. ಸೊಸೆಗೆ ಅವಳದೇ ಸೀರೆ ಉಡಲು ಹೇಳಿದೆ.

"ನನ್ ಬೆನ್ಮ್ಯಾಕೆ ಕೈಯಿಟ್ಕೊಂಡು ಬಾ. ಮಾತಾಡ್ಬ್ಯಾಡ."

"ಅತ್ತೆ, ಒದ್ರೆ?"

"ಮೊದ್ಲು ನಂಗೆ ಒದೀತದೆ, ಬಾ."

ಹಸು ನನ್ನನ್ನು ನೋಡಿ ಕಿವಿ ಆಡಿಸಿತು. ಅದು ಬುಸುಗುಟ್ಟಿದಾಗಲೆಲ್ಲ ಬೆನ್ನ ಮೇಲಿನ ಕೈ ಬಿಟ್ಟುಹೋಗುತ್ತಿತ್ತು. ನಾನು ತಿರುಗಿ ನೋಡದೆ ನಿಲ್ಲುತ್ತಿದ್ದೆ. ಕೈ ಮತ್ತೆ ಬಂದಾಗ ಹೆಜ್ಜೆ ಇಡುತ್ತಿದ್ದೆ. ಕೆಚ್ಚಲು ಕಲ್ಲಾಗಿ ಬಿಸಿಯೇರಿತ್ತು. ನನ್ನ ಎಡಗೈಯಲ್ಲಿ ತೊಟ್ಟು ಹಿಡಿದೆ, ಅದರ ಮೇಲೆ ಅವಳ ಕೈ. ನಾಲ್ಕು ಸಲ ಎಳೆದ ಮೇಲೆ ನನ್ನ ಕೈಯನ್ನು ಮೆಲ್ಲಗೆ ಜಾರಿಸಿಕೊಂಡೆ. ಹಾಲು ನಿಲ್ಲಲಿಲ್ಲ. ಹಸು ಸಗಣಿ ಮೆತ್ತಿದ ಬಾಲ ತಂದು ನನ್ನ ಮುಖಕ್ಕೆ ಬಡಿಯಿತು. ಕಣ್ಣೂ ಬಾಯೂ ಮುಚ್ಚಿಕೊಂಡು, ಕೆಚ್ಚಲು ಮೆತ್ತಗಾಗುವವರೆಗೂ ಅವಳ ಪಕ್ಕದಲ್ಲೇ ಕೂತಿದ್ದೆ.