ಲಾರಿ ಬಂದರೂ ಏಳದ ಊಟ

ಪಿಯುಸಿ ಪರೀಕ್ಷೆ ಮುಗಿದ ರಜೆಯಲ್ಲಿ ಅವ್ವನ ಜೊತೆ ಕಾಗವಾಡ ರಸ್ತೆಯ ಒಂದು ಒಣದ್ರಾಕ್ಷಿ ಶೆಡ್ಡಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಒಣಗಿದ ಹಣ್ಣಿನಿಂದ ಕಡ್ಡಿ, ಕಸ ಆರಿಸಿ ತೆಗೆಯುವುದು ಕೆಲಸ. ನನ್ನ ಕೈ ಎಷ್ಟು ಅಂಟಾಗಿತ್ತೆಂದರೆ, ಅಥಣಿ ತಾಲೂಕಿನ ನೊಣಗಳೆಲ್ಲ ನನ್ನನ್ನೇ ಮನೆದೇವರು ಮಾಡಿಕೊಂಡಿದ್ದವು.

ಅವ್ವನಿಗೆ ಶುಗರ್. ಮಧ್ಯಾಹ್ನ ಗುಳಿಗೆ ನುಂಗಿದ ಕೂಡಲೇ ಉಣ್ಣಬೇಕು. ತಡವಾದರೆ ಬೆವರಿ, ಕೈ ನಡುಗುತ್ತದೆ. ಆದರೆ ನಾವು ಬುತ್ತಿ ಬಿಚ್ಚುವುದಕ್ಕೂ ಲಾರಿ ಬರುವುದಕ್ಕೂ ಜಾತಕ ಕೂಡಿಬಂದಿತ್ತು. ನಮ್ಮ ಮೇಲೆ ನಿಗಾ ಇಡುವ ಮುಕಾದಮ, "ಏಳ್ರಿ, ಪೆಟ್ಟಿಗಿ ಏರಸ್ರಿ" ಅನ್ನುತ್ತಿದ್ದ. ಆ ಹೊತ್ತಿಗೆ ಪಗಾರವಿಲ್ಲ. ಅದು ಊಟದ ಬಿಡುವೆಂದೇ ಲೆಕ್ಕ. ಏರಿಸಿ ಬರುವಷ್ಟರಲ್ಲಿ ಬಿಡುವೂ ಮುಗಿದಿರುತ್ತಿತ್ತು. ಒಂದು ದಿನ ಅವ್ವ ಪೆಟ್ಟಿಗೆ ಹಿಡಿದುಕೊಂಡೇ ಕುಸಿದು ಕೂತಳು.

ನಾನು ಸುಮ್ಮನಿರುತ್ತೇನೆಯೇ? ಮರುದಿನ ಫೋನಿನಲ್ಲಿ ಕಾಯ್ದೆ ಹುಡುಕಿ, ವಕೀಲರ ಹಾಗೆ ಗಂಟಲು ಸರಿಮಾಡಿಕೊಂಡೆ. "ಐದ್ ತಾಸ್ ದುಡದ್ರ ಅರ್ಧಾ ತಾಸ್ ಸೂಟಿ ಕೊಡಬೇಕಂತ್ರಿ ಕಾಕಾ."

"ಹೌದ? ಹಂಗಾರ ಆ ಕಾಯ್ದೇಗ ಹೇಳು, ಬಂದ್ ನಾಕ್ ಪೆಟ್ಟಿಗಿ ಎತ್ತಲಿ," ಅಂದ ಮುಕಾದಮ. ಹೆಂಗಸರೆಲ್ಲ ನಕ್ಕರು. ನನ್ನ ಕರಿಕೋಟು ಅಲ್ಲೇ ಕಳಚಿ ಬಿತ್ತು.

ಮಧ್ಯಾಹ್ನ ಅವ್ವ ಗುಳಿಗೆ ನುಂಗಿ ರೊಟ್ಟಿ ತೆಗೆದಳು. ಅವ್ವನ ರೊಟ್ಟಿ ಎಷ್ಟು ತೆಳುವೆಂದರೆ, ಕಣ್ಣಿಗೆ ಹಿಡಿದರೆ ಆಚೆ ಮಿರಜ್ ಸ್ಟೇಷನ್ ಕಾಣುತ್ತದೆ. ಅಷ್ಟರಲ್ಲಿ ಲಾರಿ ಬಂತು. ಮುಕಾದಮ ಬಾಯಿ ತೆರೆಯುವ ಮೊದಲೇ ಅವ್ವ, ಯಾರು ಬಂದರೂ ಅನ್ನುವ ಹಾಗೆ, "ಬರ್ರಿ ಅಣ್ಣಾರ, ಊಟ ಮಾಡೂಣು" ಅಂದಳು. ದಿನಾ ಆತ "ನಿಮ್ದ ಆಗ್ಲಿ" ಅಂದು, ಅದೇ ಉಸಿರಿನಲ್ಲಿ ನಮ್ಮನ್ನು ಎಬ್ಬಿಸುತ್ತಿದ್ದ. ಅವತ್ತು ಕಡಲೆಹಿಟ್ಟಿನ ಜುಣಕದ ವಡಿಯ ವಾಸನೆ ಅವನನ್ನು ಮೂಗು ಹಿಡಿದು ಕೂರಿಸಿತು.

ಎರಡು ತುತ್ತು ಇಳಿದಿರಲಿಲ್ಲ, ಲಾರಿಯವ ಹಾರ್ನ್ ಹೊಡೆದ. ಆ ಸದ್ದಿಗೆ ಕೊಕಟನೂರಿನ ಎಮ್ಮೆಗಳೂ ಹಗ್ಗ ಹರಿದಿರಬೇಕು.

"ಏ, ತಡೀಲೇ!" ಮುಕಾದಮನೇ ಕೂಗಿದ. "ಉಣ್ಣೂರನ್ನ ಎಬ್ಬಸ್ತಿಯೇನ? ಮನ್ಯಾಗ ಇದನ್ನ ಕಲಿಸ್ಯಾರೇನ?"

ಅಷ್ಟಂದವನೇ ಮುಕಾದಮನ ದವಡೆ ನಿಂತಿತು. ತಾನಂದದ್ದು ತನ್ನ ಕಿವಿಗೂ ಬಿದ್ದಿತ್ತು.

ಅವ್ವ ಅವನಿಗೆ ಇನ್ನೊಂದು ವಡಿ ಹಾಕಿದಳು. "ನಿನ್ನೆ ನಾ ಎದ್ ಬಂದಾಗ ನನ್ನ ತಾಟಿನ್ಯಾಗೂ ರೊಟ್ಟಿ ಇತ್ರಿ, ಅಣ್ಣಾರ."

ಆತ ತಲೆ ತಗ್ಗಿಸಿ ತಿಂದ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ: "ಅದ ಎಷ್ಟಂದಿ, ಕಾಯ್ದೇದಾಗ?"

ಎರಡು ತಾಸು, ಮೇಲೊಂದು ನಿದ್ದೆ ಎಂದು ನಾಲಿಗೆ ತುದಿಗೆ ಬಂದಿತ್ತು. ಅವ್ವ ನನ್ನತ್ತ ಕಣ್ಣು ಬಿಟ್ಟಳು.

"ಅರ್ಧಾ ತಾಸ್ರಿ."

"ಅರ್ಧಾ ತಾಸ್ ನಿಂದರ್ಲೇ!" ಲಾರಿಯವನಿಗೆ ಕೂಗಿದ. "ನಾಳಿಂದ ಇವರ ಊಟ ಆದ ಮ್ಯಾಲೇ ಬಾ."

ಅವ್ವ ಕೊನೆಯ ತುಣುಕಿನಿಂದ ತಾಟು ಒರೆಸಿ ಬಾಯಿಗಿಟ್ಟಳು. ಕೈ ನಡುಗಲಿಲ್ಲ. ಆಮೇಲೆ, "ಪಾಪ, ಬಿಸಲಾಗ ಕುಂತಾನ" ಎಂದು ಲಾರಿಯವನನ್ನೂ ಕರೆದಳು. ಅವನು ಒಂದೇ ಮಾತಿಗೆ ಬಂದ. ನನ್ನ ಪಾಲಿನ ವಡಿ ಹಾಗೆ ಹೋಯಿತು.