ಎಣ್ಣೆ ಬೇಡದ ಟಿಪ್ಪು

ಭಾನುವಾರ, ಆಗಸ್ಟ್ ಹನ್ನೊಂದು, ಬೆಳಿಗ್ಗೆ ಆರೂವರೆ. ನಿನ್ನೆ ಗದ್ವಾಲದಲ್ಲಿ ಬಸ್ಸು ಕೆಟ್ಟು ನಿಂತಾಗ ಪಕ್ಕದ ಲೇತ್ ಅಂಗಡಿಯಿಂದ ಸುಟ್ಟ ಎಣ್ಣೆಯ ವಾಸನೆ ಬಂತು. ಮನೆಗೆ ಬಂದು ದಿನಚರಿಯಲ್ಲಿ ಹೋದ ಊರು, ಆದ ಖರ್ಚು ಎಲ್ಲ ಬರೆದೆ. ಆದರೂ ಮನಸ್ಸು ಒಂದು ಕಡೆ ನಿಲ್ಲಲಿಲ್ಲ, ಆ ವಾಸನೆ ಹಳೆಯದೊಂದು ದಿನಕ್ಕೆ ಎಳೆಯುತ್ತಿತ್ತು…

ಮಕ್ತಲದ ನಮ್ಮ ಪಕ್ಕದ ಮನೆಯ ಅಕ್ಕ ಆಗ ಹೈದರಾಬಾದಿನಲ್ಲಿ ಪಿಎಚ್.ಡಿ. ಸಂಶೋಧನೆ ಮಾಡುತ್ತಿದ್ದಳು. ಲೇತಿನಲ್ಲಿ ಉಕ್ಕು ಹೆರೆಯುವ ಟಿಪ್ಪಿಗೆ, ಅಂದರೆ ಉಳಿಯ ತುದಿಗೆ ಕೂರಿಸುವ ಚಿಕ್ಕ ಚೌಕ ಬಿಲ್ಲೆಗೆ, ಕೂದಲಿಗಿಂತ ಎಷ್ಟೋ ತೆಳುವಾದ ಗಟ್ಟಿ ಲೇಪ ಕೂರಿಸಿ, ಅದರೊಳಗೆ ಬೆಳ್ಳಿ ಬೆರೆಸುವ ಕೆಲಸ. ಹೆರೆಯುವಾಗ ಟಿಪ್ಪು ಕಾಯುತ್ತದೆ. ಕಾದಾಗ ಒಳಗಿನ ಬೆಳ್ಳಿ ಮೇಲಕ್ಕೆ ಸರಿದು ತಾನೇ ಜಾರುವ ಪದರವಾಗುತ್ತದೆ, ಹೊರಗಿನ ಎಣ್ಣೆ ಬೇಕಾಗುವುದಿಲ್ಲ. ಬೆಳ್ಳಿಯ ಒಂದೊಂದು ಪರಮಾಣು ಯಾವ ಸಂದಿಯಲ್ಲಿ ನುಸುಳಿ ಬರುತ್ತದೆಂದು ಅವಳು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ್ದಳು. ನಿಜವಾದ ಟಿಪ್ಪಿನಲ್ಲೂ ಹಾಗೇ ಆಗುತ್ತದೆಂದು ತೋರಿಸುವುದು ಬಾಕಿ ಇತ್ತು.

"ಕಾಲಿಗೆ ಹಾಕ್ಕೊಳ್ಳೋ ಬೆಳ್ಳಿ ಒಯ್ದು ಕಬ್ಬಿಣಕ್ಕ ಹಾಕ್ತಿ. ನಿನ್ನ ಹೆಣ್ಣು ಕೇಳಾಕ ಯಾರು ಬರ್ತಾರವ್ವಾ?" ಎಂದು ನಮ್ಮವ್ವ ಕಾಡಿಸುತ್ತಿದ್ದಳು.

"ಕಬ್ಬಿಣ ಹೆರಿಯೋನೇ ಬರ್ತಾನ ಬಿಡ್ರಿ ಅತ್ತಿ" ಎಂದು ಅಕ್ಕ ನಗುತ್ತಿದ್ದಳು.

ಎರಡು ಸಾವಿರದ ಹದಿನಾಲ್ಕರ ಬೇಸಿಗೆಯಲ್ಲಿ ಊರಿಗೆ ಬಂದವಳು ಹಾಗೆ ನಗಲಿಲ್ಲ. ಲ್ಯಾಬಿನ ಮಷೀನು ಕೆಟ್ಟಿತ್ತು. ಎಣ್ಣೆಯಿಲ್ಲದೆ ಹೆರೆದ ಟಿಪ್ಪನ್ನು ಜೂನ್ ಮುಗಿಯುವುದರೊಳಗೆ ತೋರಿಸದಿದ್ದರೆ ಅವಳ ಫೆಲೋಶಿಪ್ ನಿಲ್ಲುತ್ತಿತ್ತು. ಕೈಯಲ್ಲಿದ್ದದ್ದು ಒಂದೇ ಟಿಪ್ಪು. ಅದರ ನಾಲ್ಕು ಮೂಲೆಗಳಲ್ಲಿ ಮೂರು ಆಗಲೇ ಸವೆದಿದ್ದವು. ಕಟ್ಟೆಯ ಮೇಲೆ ಕೂತರೆ ಏಳುತ್ತಿದ್ದಳು, ಎದ್ದರೆ ಮತ್ತೆ ಕೂರುತ್ತಿದ್ದಳು.

ಕೊನೆಗೆ ಅವಳಪ್ಪನಿಗೆ ಪರಿಚಯವಿದ್ದ ನಾರಾಯಣಪೇಟೆಯ ಲೇತ್ ಮೇಸ್ತ್ರಿ ಒಪ್ಪಿದರು. ಜೂನ್ ಎರಡು, ತೆಲಂಗಾಣ ರಾಜ್ಯವಾಗುವ ದಿನ, ಎಲ್ಲರೂ ಮೆರವಣಿಗೆಗೆ ಹೋಗುತ್ತಾರೆ, ಮಷೀನು ಖಾಲಿ, ಬನ್ನಿ ಎಂದರು. ಟಿಪ್ಪು ಎಷ್ಟು ಹೊತ್ತು ಹೆರೆಯಿತೆಂದು ಬರೆದುಕೊಳ್ಳಲು ಅಕ್ಕ ನನ್ನನ್ನೂ ಕರೆದುಕೊಂಡು ಹೋದಳು.

"ಎಣ್ಣಿ ಒಂದ್ ಹನಿನೂ ಹಾಕಬ್ಯಾಡ್ರಿ ಕಾಕಾ."

"ಹತ್ತು ಸಲ ಹೇಳಿದಿ. ಬೇಕಂದ್ರ ನನ್ನ ಕೈಗೆ ಹಗ್ಗ ಕಟ್ಟವ್ವಾ!"

ಉಕ್ಕಿನ ರಾಡು ತಿರುಗತೊಡಗಿತು. ನೀಲಿ ಬಣ್ಣಕ್ಕೆ ತಿರುಗಿದ ಚೂರುಗಳು ಸುರುಳಿ ಸುರುಳಿಯಾಗಿ ಬಿದ್ದವು. ಅಕ್ಕ ಉಗುರು ಕಚ್ಚುತ್ತ ನಿಂತಿದ್ದಳು. ಆಗ ಬೀದಿಯ ಮೂಲೆಯಲ್ಲಿ ಪಟಾಕಿ ಸರ ಹೊಡೆಯಿತು. ಇಬ್ಬರೂ ಬೆಚ್ಚಿ ಬಾಗಿಲ ಕಡೆ ನೋಡಿದೆವು. ತಿರುಗುವಷ್ಟರಲ್ಲಿ ಮೇಸ್ತ್ರಿಯ ಕೈಯಲ್ಲಿ ಎಣ್ಣೆ ಕ್ಯಾನು, ಟಿಪ್ಪಿನ ಮೇಲೆ ಬಿಳಿ ಹೊಗೆ.

"ಟಿಪ್ಪು ಸುಡಾಕತ್ತಿತ್ತವ್ವಾ. ಎರಡೇ ಹನಿ ಬಿಟ್ಟೆ. ಉಳೀತು ನೋಡು!" ಅವರ ಮುಖದಲ್ಲಿ ದೊಡ್ಡ ಅನಾಹುತ ತಪ್ಪಿಸಿದವರ ಖುಷಿಯಿತ್ತು.

ಎಣ್ಣೆ ತಾಗಿದ ಮೇಲೆ ಉಳಿದಿದ್ದ ಆ ಒಂದು ಮೂಲೆಯಿಂದಲೂ ಏನನ್ನೂ ತೋರಿಸುವಂತಿರಲಿಲ್ಲ. ಅಕ್ಕ ಬಾಗಿ ಟಿಪ್ಪನ್ನು ನೋಡಿದಳು. ಆಮೇಲೆ, "ಹೌದ್ರಿ ಕಾಕಾ… ಛಲೋ ಆತ್ರಿ" ಅಂದಳು. ಮೇಸ್ತ್ರಿ ಅವಳ ಕೈಗೆ ಲಾಡು ಇಟ್ಟು, "ಡಾಕ್ಟರ್ ಆದಮ್ಯಾಲ ನಮ್ಮ ಮಷೀನು ಮರೀಬ್ಯಾಡ" ಎಂದರು.

ಬಸ್ಸಿನಲ್ಲಿ ಜಾಗವಿದ್ದರೂ ಅವಳು ಮಕ್ತಲದವರೆಗೆ ನಿಂತೇ ಬಂದಳು.

"ಯಾಕ ಹೇಳಲಿಲ್ಲಕ್ಕಾ?"

"ಹೇಳಿದ್ರ ಮೂಲಿ ಹೊಳ್ಳಿ ಬರ್ತೈತೇನು? ನೀನೂ ಹೇಳಬ್ಯಾಡ."

ಇನ್ನೊಂದು ಟಿಪ್ಪಿಗೆ ಲೇಪ ಮಾಡಿಸಿಕೊಡಿ ಎಂದು ಗೈಡನ್ನು ಕೇಳಲು ಮರುದಿನವೇ ಹೈದರಾಬಾದಿಗೆ ಹೋದಳು. ಮುಂದಿನ ವರ್ಷ ಅವರ ಮನೆಯವರು ರಾಯಚೂರಿನ ಕಡೆ ಹೋದರು. ಅಕ್ಕನ ಫೋನು ಕೆಲವು ತಿಂಗಳು ರಿಂಗಾಗುತ್ತಿತ್ತು, ಆಮೇಲೆ ಅದೂ ಇಲ್ಲ… ನಾರಾಯಣಪೇಟೆಗೆ ಹೋಗಿ ಬಂದು ಹತ್ತು ವರ್ಷ ಆಯಿತು. ಅವಳು ಕೈತಪ್ಪಿ ಹೋದಳೆಂದು ಈಗ ಒಪ್ಪಿಕೊಳ್ಳಲೇಬೇಕು.

ಮೇಸ್ತ್ರಿ ಮಾತ್ರ ತಮ್ಮ ಲೇತಿನ ಮೇಲೆ ಒಬ್ಬ ಹುಡುಗಿ ಡಾಕ್ಟರ್ ಆದಳೆಂದು ಬಂದ ಗಿರಾಕಿಗಳಿಗೆಲ್ಲ ಕನ್ನಡದಲ್ಲೊಮ್ಮೆ, ತೆಲುಗಿನಲ್ಲೊಮ್ಮೆ ಹೇಳುತ್ತ ಬಂದರು. ಈಗ ಹಾಸಿಗೆ ಹಿಡಿದಿದ್ದಾರೆ. ಹೋದಾಗಲೆಲ್ಲ ನನ್ನ ಕೈ ಹಿಡಿದು, "ಆಕಿ ಡಾಕ್ಟರ್ ಆದ್ಳಲ್ಲ? ಒಮ್ಮೆನೂ ಬರಲಿಲ್ಲ ನೋಡು" ಎನ್ನುತ್ತಾರೆ. "ಆದ್ಳ್ರಿ ಕಾಕಾ, ಕೆಲಸ ಭಾಳ ಅಂತ್ರಿ" ಎಂದು ಹೇಳಿ ಬರುತ್ತೇನೆ. ನಾನು ಹೇಳಿದ್ದು ನಿಜವೋ ಸುಳ್ಳೋ ನನಗೇ ಗೊತ್ತಿಲ್ಲ.

ಆ ವರ್ಷಗಳಲ್ಲಿ ಹೈದರಾಬಾದಿನಲ್ಲಿ ಬೆಳ್ಳಿ ಬೆರೆತ ಲೇಪಗಳ ಮೇಲೆ ಕೆಲಸ ಮಾಡುತ್ತಿದ್ದ ಮಕ್ತಲದ ಹುಡುಗಿಯನ್ನು ಬಲ್ಲವರು ಯಾರಾದರೂ ಇದನ್ನು ಓದಿದರೆ, ಇದು ಅಚ್ಚಾದ ಈ ಪತ್ರಿಕೆಯ ವಿಳಾಸಕ್ಕೆ ಎರಡು ಸಾಲು ಬರೆಯಿರಿ. ಮುಗಿಸಿದಳೋ, ಬಿಟ್ಟಳೋ, ಯಾವುದಾದರೂ ಸರಿ. ಮೇಸ್ತ್ರಿ ಇರುವಾಗಲೇ ತಿಳಿದರೆ ಒಳ್ಳೆಯದು.